ರಿವಾಲ್ವರ್‌ಗೆ ಜ್ವರ ಬಂದರೆ ಏನಾಗುತ್ತದೆ?

ಕಳೆದ ಕಂತು ಮುಗಿಸುವಾಗ ಒಂದು ಪ್ರಶ್ನೆಯನ್ನು ಬಾಕಿ ಇಟ್ಟಿದ್ದೆ. ಸಿನಿಮಾದಲ್ಲಿ ನಾಯಕ ಹದಿನೈದು ನಿಮಿಷ ಗುಂಡು ಹಾರಿಸುತ್ತಲೇ ಇರುತ್ತಾನಲ್ಲ, ಆ ರಿವಾಲ್ವರ್ ಕಾದು ಹಾಳಾಗುವುದಿಲ್ಲವೇ ಅಂತ. ಆರು ಗುಂಡಿನ ಪಿಸ್ತೂಲಿನಿಂದ ಅರವತ್ತು ಗುಂಡು ಹೇಗೆ ಬಂತು ಅನ್ನುವುದು ಬೇರೆ ವಿಷಯ, ಅದನ್ನು ನಿರ್ದೇಶಕರಿಗೇ ಬಿಡೋಣ. ಬಿಸಿಯ ಪ್ರಶ್ನೆ ಮಾತ್ರ ಅಷ್ಟು ಹಗುರವಾದದ್ದಲ್ಲ. ಇದರ ಹಿಂದೆ ನೂರೈವತ್ತು ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ, ಒಂದಷ್ಟು ಜನರ ಜೀವವೂ ಇದೆ.

ಮೊದಲು ಒಂದು ಲೆಕ್ಕ ಹಾಕಿಬಿಡೋಣ. ಭಯಪಡಬೇಡಿ, ಹೈಸ್ಕೂಲಿನ ಲೆಕ್ಕ. ಪಾಯಿಂಟ್ 38 ಸ್ಪೆಷಲ್ ಅನ್ನುವ ತೋಟಾ ಇದೆಯಲ್ಲ, ಹೋದ ಶತಮಾನದ ಬಹುಪಾಲು ಅಮೆರಿಕದ ಪೊಲೀಸರ ಸೊಂಟದಲ್ಲಿ ಇದ್ದದ್ದು, ಅದರಲ್ಲಿ ಇರುವ ಮದ್ದು ಗ್ರಾಮಿನ ಮೂರನೇ ಒಂದು ಭಾಗವೂ ಇಲ್ಲ. ಅದು ಉರಿದರೆ ಬರುವ ಶಕ್ತಿ ಸುಮಾರು 1,200ರಿಂದ 1,500 ಜೂಲ್. ಅದರಲ್ಲಿ 300ರ ಆಸುಪಾಸು ಗುಂಡು ಹೊತ್ತುಕೊಂಡು ಹೋಗುತ್ತದೆ. ಉಳಿದದ್ದರಲ್ಲಿ ದೊಡ್ಡ ಪಾಲು ಬಿಸಿ ಅನಿಲವಾಗಿ ಬಾಯಿಂದ ಆಚೆಗೆ ಹೋಗುತ್ತದೆ. ಉಕ್ಕಿಗೆ ಇಳಿಯುವುದು ಒಂದು 400 ಜೂಲ್ ಅಂತ ಇಟ್ಟುಕೊಳ್ಳಿ. ಒಂದು ಕಿಲೋ ಉಕ್ಕನ್ನು ಒಂದು ಡಿಗ್ರಿ ಬಿಸಿ ಮಾಡಲು ಹತ್ತಿರ ಹತ್ತಿರ 480 ಜೂಲ್ ಬೇಕು. ಅಂದರೆ ಒಂದು ಕಿಲೋ ತೂಗುವ ರಿವಾಲ್ವರ್ ಒಂದು ಗುಂಡಿಗೆ ಒಂದು ಡಿಗ್ರಿಯೂ ಏರುವುದಿಲ್ಲ. ಆರೂ ಖಾಲಿ ಮಾಡಿದರೆ ಐದು ಡಿಗ್ರಿ.

ಆದರೆ ಶಾಖ ಇಡೀ ಕಿಲೋ ಉಕ್ಕಿಗೆ ಸಮನಾಗಿ ಹಂಚಿಕೆಯಾಗುವುದಿಲ್ಲ. ನಳಿಗೆಗೂ ಸಿಲಿಂಡರ್‌ಗೂ ಹೆಚ್ಚು, ಹಿಡಿಗೆ ಕಡಿಮೆ. ಹಾಗಾಗಿ ಬಿಡುವಿಲ್ಲದೆ ಐವತ್ತು ಗುಂಡು ಹಾರಿಸಿದರೆ ನಳಿಗೆ ಮುಟ್ಟಲಾಗದಷ್ಟು ಬಿಸಿಯಾಗುವುದು ನಿಜ. ಮುಟ್ಟಲಾಗದಷ್ಟು ಅಂದರೆ ಎಷ್ಟು? ಲೋಹ 60 ಡಿಗ್ರಿ ದಾಟಿದರೆ ನಮ್ಮ ಬೆರಳು ತಾನಾಗಿಯೇ ಹಿಂದೆ ಬರುತ್ತದೆ. ಉಕ್ಕಿಗೆ 60 ಡಿಗ್ರಿ ಏನೂ ಅಲ್ಲ. ಹೊಳಪಿನ ಉಕ್ಕು ಕಾದು ನೀಲಿ ಬಣ್ಣಕ್ಕೆ ತಿರುಗಬೇಕಾದರೆ 300 ಡಿಗ್ರಿ ಬೇಕು. ಹದ ಮಾಡಿದ ಉಕ್ಕು ತನ್ನ ಗಟ್ಟಿತನ ಕಳೆದುಕೊಳ್ಳುವ ಮಾತು ಅದಕ್ಕೂ ಮೇಲೆ. ಅಷ್ಟು ಹೊತ್ತಿಗೆ ಗುಂಡಿನ ಸೀಸವೇ ಕರಗಿ ನೀರಾಗಿರುತ್ತದೆ, ಸೀಸ ಕರಗುವುದು 327ಕ್ಕೆ. ರಿವಾಲ್ವರ್ ಸೋಲುವ ಬಹಳ ಮೊದಲೇ ಅದನ್ನು ಹಿಡಿದ ಕೈ ಸೋಲುತ್ತದೆ.

ಹಾಗಾದರೆ ಬಿಸಿಯಿಂದ ಏನೂ ಆಗುವುದಿಲ್ಲ, ಕಥೆ ಮುಗೀತು ಅಂತ ಹೇಳಿ ಎದ್ದುಹೋಗಬಹುದಿತ್ತು. ಆದರೆ ಇತಿಹಾಸ ಹಾಗೆ ಹೇಳುವುದಿಲ್ಲ.

ಬಂದೂಕು ಯಾಕೆ ಬಿಸಿಯಾಗುತ್ತದೆ ಅಂತ ಗಂಭೀರವಾಗಿ ತಲೆಕೆಡಿಸಿಕೊಂಡವರಲ್ಲಿ ಬೆಂಜಮಿನ್ ಥಾಮ್ಸನ್ ಒಬ್ಬ. ಮುಂದೆ ಕೌಂಟ್ ರಮ್‌ಫರ್ಡ್ ಅಂತ ಹೆಸರಾದವನು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ಹುಟ್ಟಿ, ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ಪಕ್ಷ ಹಿಡಿದು, ಆಮೇಲೆ ಬವೇರಿಯಾದಲ್ಲಿ ದೊಡ್ಡ ಅಧಿಕಾರಿಯಾದ ಆಸಾಮಿ. 1778ರಲ್ಲಿ ಇಂಗ್ಲೆಂಡಿನಲ್ಲಿ ಮದ್ದಿನ ಶಕ್ತಿ ಅಳೆಯುತ್ತಿದ್ದಾಗ ಅವನಿಗೆ ಒಂದು ವಿಚಿತ್ರ ಕಣ್ಣಿಗೆ ಬಿತ್ತು. ಗುಂಡು ತುಂಬಿ ಹಾರಿಸಿದಾಗಿನದಕ್ಕಿಂತ, ಬರೀ ಮದ್ದು ತುಂಬಿ ಹಾರಿಸಿದಾಗಲೇ ನಳಿಗೆ ಹೆಚ್ಚು ಬಿಸಿಯಾಗುತ್ತಿತ್ತು. ಈಗ ನಮಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಗುಂಡು ಇದ್ದರೆ ಶಾಖದ ಒಂದು ಪಾಲು ಅದರ ಓಟವಾಗಿ ಬದಲಾಗುತ್ತದೆ, ಗುಂಡು ಇಲ್ಲದಿದ್ದರೆ ಆ ಪಾಲು ಅಲ್ಲೇ ಉಳಿಯುತ್ತದೆ. ಆಗಿನ ಕಾಲದವರಿಗೆ ಶಾಖ ಎಂದರೆ ವಸ್ತುವಿನೊಳಗೆ ಹರಿಯುವ ಒಂದು ಬಗೆಯ ದ್ರವ. 1798ರಲ್ಲಿ ಇದೇ ರಮ್‌ಫರ್ಡ್ ಮ್ಯೂನಿಕ್‌ನಲ್ಲಿ ಫಿರಂಗಿ ಕೊರೆಯುವಾಗ ಹುಟ್ಟುವ ಶಾಖದಿಂದ ನೀರು ಕುದಿಸಿ ತೋರಿಸಿ, ಆ ದ್ರವದ ಕಲ್ಪನೆಯನ್ನೇ ಅಲುಗಾಡಿಸಿದ. ಶಾಖಶಾಸ್ತ್ರದ ಒಂದು ಬೇರು ಫಿರಂಗಿ ಕಾರ್ಖಾನೆಯಲ್ಲಿದೆ ಅನ್ನುವುದು ನನಗೆ ಯಾವಾಗಲೂ ಸೋಜಿಗ.

ಈಗ ರಿವಾಲ್ವರ್‌ಗೆ ಬರೋಣ. ಸ್ಯಾಮ್ಯುಯೆಲ್ ಕೋಲ್ಟ್‌ಗೆ ಅಮೆರಿಕದ ಪೇಟೆಂಟ್ ಸಿಕ್ಕಿದ್ದು 1836ರಲ್ಲಿ. ಮೊದಲ ಕಂಪನಿ ಕೆಲವೇ ವರ್ಷಗಳಲ್ಲಿ ಮುಳುಗಿತು. ಮೆಕ್ಸಿಕೋ ಯುದ್ಧ ಬಂದಾಗ ಕ್ಯಾಪ್ಟನ್ ಸ್ಯಾಮ್ಯುಯೆಲ್ ವಾಕರ್ ಜೊತೆ ಸೇರಿ 1847ರಲ್ಲಿ ಮಾಡಿದ ದೈತ್ಯ ಪಿಸ್ತೂಲಿನಿಂದ ಅವನ ಅದೃಷ್ಟ ತಿರುಗಿತು. ತೂಕ ಎರಡು ಕಿಲೋ! ಒಂದೊಂದು ಗೂಡಿಗೂ 60 ಗ್ರೇನ್, ಅಂದರೆ ಸುಮಾರು ನಾಲ್ಕು ಗ್ರಾಮ್ ಕಪ್ಪು ಮದ್ದು. ಈ ವಾಕರ್ ಪಿಸ್ತೂಲುಗಳ ಸಿಲಿಂಡರ್ ಹಲವು ಕಡೆ ಒಡೆದವು. ಆಗ ಜನ ಬಿಸಿಯನ್ನು ದೂರಿರಬಹುದು. ಆದರೆ ತಪ್ಪು ಬಿಸಿಯದಲ್ಲ, ಆ ಕಾಲದ ಲೋಹದ್ದು. ಅಷ್ಟು ಒತ್ತಡ ತಡೆಯುವ ಸಮಗುಣದ ಉಕ್ಕು ಇನ್ನೂ ಕೈಗೆ ಬಂದಿರಲಿಲ್ಲ, ಮದ್ದನ್ನೋ ಸಿಪಾಯಿಗಳು ಧಾರಾಳವಾಗಿ ತುಂಬುತ್ತಿದ್ದರು.

ನಮ್ಮ ಮಲೆನಾಡಿನಲ್ಲಿ ಕೇಪಿನ ಕೋವಿ ಬಳಸಿದವರಿಗೆ ಕಪ್ಪು ಮದ್ದಿನ ಸ್ವಭಾವ ಹೇಳಿಕೊಡಬೇಕಾಗಿಲ್ಲ. ಉರಿದ ಮದ್ದಿನಲ್ಲಿ ಅರ್ಧಕ್ಕಿಂತ ಹೆಚ್ಚು ಭಾಗ ಹೊಗೆ ಮತ್ತು ಮಸಿಯಾಗಿಯೇ ಉಳಿಯುತ್ತದೆ. ಕೋಲ್ಟ್‌ನ ಆ ಕಾಲದ ರಿವಾಲ್ವರ್ ಕೂಡ ತತ್ವದಲ್ಲಿ ಅದೇ ಕೇಪಿನ ಕೋವಿ, ಒಂದು ನಳಿಗೆಯ ಹಿಂದೆ ತಿರುಗುವ ಐದಾರು ಗೂಡು, ಅಷ್ಟೇ. ಸಿಲಿಂಡರ್ ತಿರುಗುವುದು ಒಂದು ಕಡ್ಡಿಯ ಮೇಲೆ. ಸಿಲಿಂಡರ್‌ಗೂ ನಳಿಗೆಗೂ ನಡುವೆ ಕೂದಲೆಳೆಯಷ್ಟು ಸಂದು. ಪ್ರತಿ ಗುಂಡಿಗೂ ಆ ಸಂದಿನಿಂದ ಬೆಂಕಿ, ಮಸಿ ಪಕ್ಕಕ್ಕೆ ಚಿಮ್ಮಿ ಕಡ್ಡಿಯ ಮೇಲೆ ಕೂರುತ್ತದೆ. ಅದಕ್ಕೇ ಕೋಲ್ಟ್ ಆ ಕಡ್ಡಿಗೆ ಗೀರು ಹಾಕಿ ಕೊಬ್ಬು ಹಿಡಿದಿಡುವ ವ್ಯವಸ್ಥೆ ಮಾಡಿದ್ದ. ಇಲ್ಲಿ ಬಿಸಿ ಒಳಗೆ ಬರುತ್ತದೆ, ಆದರೆ ಕಳ್ಳನಾಗಿ ಅಲ್ಲ, ಕಳ್ಳನ ಜೊತೆಗಾರನಾಗಿ. ಕಾದ ಸಿಲಿಂಡರ್‌ನಲ್ಲಿ ಕೊಬ್ಬು ಕರಗಿ ಹರಿದುಹೋಗುತ್ತದೆ, ಒದ್ದೆಯಾಗಿದ್ದ ಮಸಿ ಒಣಗಿ ಕಲ್ಲಾಗುತ್ತದೆ. ಆಗ ಸಿಲಿಂಡರ್ ತಿರುಗಲು ಒಲ್ಲೆ ಅನ್ನುತ್ತದೆ. ನೋಡುವವನು "ಕಾದು ಸಿಕ್ಕಿಕೊಂಡಿತು" ಅನ್ನುತ್ತಾನೆ. ಅರ್ಧ ಸತ್ಯ.

ಇದರ ಅತಿ ದೊಡ್ಡ ಪರೀಕ್ಷೆ ನಡೆದದ್ದು ಪಿಸ್ತೂಲಿನಲ್ಲಿ ಅಲ್ಲ, ರೈಫಲ್‌ನಲ್ಲಿ. ಕೋಲ್ಟ್ ಕಂಪನಿ ಅದೇ ತಿರುಗುವ ಸಿಲಿಂಡರನ್ನು ಉದ್ದ ನಳಿಗೆಗೆ ಜೋಡಿಸಿ 1855ರ ಮಾದರಿಯ ರಿವಾಲ್ವಿಂಗ್ ರೈಫಲ್ ತಂದಿತ್ತು. ಪಿಸ್ತೂಲಾದರೆ ಎರಡೂ ಕೈ ಸಿಲಿಂಡರಿನ ಹಿಂದೆ ಇರುತ್ತವೆ. ರೈಫಲ್‌ನಲ್ಲಿ ಎಡಗೈ ಮುಂದೆ ನಳಿಗೆಯನ್ನು ಹಿಡಿಯಬೇಕು. ಸಂದಿನಿಂದ ಚಿಮ್ಮುವ ಬೆಂಕಿ ನೇರ ಆ ತೋಳಿಗೆ. ಇನ್ನೂ ಕೆಟ್ಟದ್ದೆಂದರೆ ಒಂದು ಗೂಡಿನ ಬೆಂಕಿ ಪಕ್ಕದ ಗೂಡಿಗೆ ಹಾರಿ ಎಲ್ಲವೂ ಒಟ್ಟಿಗೆ ಸಿಡಿಯುವ ಅಪಾಯ. ಆಗ ಎಡಗೈ ಇರುವುದು ಆ ಗುಂಡುಗಳ ದಾರಿಯಲ್ಲೇ. ಬರ್ಡನ್ ಅವರ ಗುರಿಕಾರರ ಪಡೆಗೆ 1862ರಲ್ಲಿ ಮೊದಲು ಕೊಟ್ಟದ್ದು ಇದೇ ರೈಫಲ್. ಅವರು ಗೊಣಗುತ್ತಾ ತೆಗೆದುಕೊಂಡು, ಶಾರ್ಪ್ಸ್ ರೈಫಲ್ ಬಂದ ಕೂಡಲೇ ಬದಲಾಯಿಸಿಕೊಂಡರು.

ಆದರೆ ಓಹಾಯೋದ 21ನೇ ಪದಾತಿ ದಳದ ಬಹುಪಾಲು ಸೈನಿಕರ ಕೈಯಲ್ಲಿ ಅದೇ ರೈಫಲ್ ಉಳಿದಿತ್ತು. 1863ರ ಸೆಪ್ಟೆಂಬರ್ 20, ಜಾರ್ಜಿಯಾದ ಚಿಕಮಾಗ. ಎರಡು ದಿನದ ಈ ಯುದ್ಧದಲ್ಲಿ ಎರಡೂ ಕಡೆ ಸೇರಿ ಸತ್ತವರು, ಗಾಯಗೊಂಡವರು, ಕಾಣೆಯಾದವರು ಸುಮಾರು 34,000. ಆ ದಿನ ಮಧ್ಯಾಹ್ನಕ್ಕೆ ಮುಂಚೆ ಉತ್ತರದ ಸೈನ್ಯದ ಸಾಲಿನಲ್ಲಿ ಒಂದು ತೆರಪು ಬಿದ್ದು, ದಕ್ಷಿಣದ ಲಾಂಗ್‌ಸ್ಟ್ರೀಟನ ಪಡೆ ಅದರೊಳಗೆ ನುಗ್ಗಿತು. ಸೇನಾಪತಿ ರೋಸ್‌ಕ್ರಾನ್ಸ್ ಸೇರಿ ಸೈನ್ಯದ ದೊಡ್ಡ ಭಾಗ ಹಿಂದಕ್ಕೆ ಓಡಿತು. ಜನರಲ್ ಜಾರ್ಜ್ ಥಾಮಸ್ ಮಾತ್ರ ಸ್ನಾಡ್‌ಗ್ರಾಸ್ ಗುಡ್ಡದ ಮೇಲೆ ನಿಂತ. ಆ ಗುಡ್ಡಕ್ಕೆ ಹೊಂದಿಕೊಂಡ ದಿಣ್ಣೆಯ ಮೇಲೆ 21ನೇ ಓಹಾಯೋ. ಐನೂರಕ್ಕೂ ಸ್ವಲ್ಪ ಹೆಚ್ಚು ಜನ.

ಸುಮಾರು ಒಂದು ಗಂಟೆಯಿಂದ ಕತ್ತಲಾಗುವವರೆಗೆ ಅವರ ಮೇಲೆ ದಾಳಿಯ ಮೇಲೆ ದಾಳಿ. ಆ ದಳ ಆ ದಿನ ಹಾರಿಸಿದ ಗುಂಡುಗಳ ಲೆಕ್ಕ ದಾಖಲಾಗಿದೆ: 43,550. ತಲೆಗೆ ಸರಾಸರಿ 80. ಐದಾರು ಗಂಟೆಗೆ 80 ಅಂದರೆ ನಾಲ್ಕು ನಿಮಿಷಕ್ಕೊಂದು, ಇದೇನು ದೊಡ್ಡದು ಅನ್ನಿಸಬಹುದು. ಸರಾಸರಿಯನ್ನು ನಂಬಬೇಡಿ. ಶತ್ರು ಇಳಿಜಾರು ಹತ್ತಿ ಬಂದಾಗ ಐದು ಗುಂಡು ಒಂದೇ ಉಸಿರಿಗೆ, ಮತ್ತೆ ಐದು, ಮತ್ತೆ ಐದು. ಹಿಮ್ಮೆಟ್ಟಿದಾಗ ಮೌನ. ಅಲ್ಲದೆ ಇದು ಪೊಲೀಸ್ ಪಿಸ್ತೂಲಿನ ಚಿಟಿಕೆ ಮದ್ದಲ್ಲ, ತೂಕದಲ್ಲಿ ಅದರ ಹಲವು ಪಟ್ಟು. ನಾನು ಹಾಕಿದ ಅಂದಾಜಿನಲ್ಲಿ ಒಂದು ಗುಂಡಿಗೆ ನಳಿಗೆ ಎರಡು ಮೂರು ಡಿಗ್ರಿ ಏರಬೇಕು. ಒಂದು ದಾಳಿಯಲ್ಲಿ ಮೂವತ್ತು ಗುಂಡು ಹೋದರೆ ನಳಿಗೆಯ ಮೇಲೆ ಎಂಜಲು ಬಿದ್ದರೆ ಚುರ್ ಅನ್ನಬೇಕು.

ಇಷ್ಟಾದರೂ ಆ ದಳವನ್ನು ಕೊನೆಗೆ ಸೋಲಿಸಿದ್ದು ಬಿಸಿ ಅಲ್ಲ. ತೋಟಾ ಮುಗಿಯಿತು. ಕೋಲ್ಟ್‌ಗೆ ಬೇಕಾದದ್ದು ಪಾಯಿಂಟ್ 56 ಅಳತೆಯ ತೋಟಾ, ಅಕ್ಕಪಕ್ಕದ ದಳಗಳ ಹತ್ತಿರ ಇದ್ದದ್ದು ಬೇರೆ ಅಳತೆಯದು. ಸತ್ತವರ, ಗಾಯಗೊಂಡವರ ಚೀಲಗಳನ್ನು ತಡಕಾಡಿದರು. ಕೆಲವರು ಎನ್‌ಫೀಲ್ಡ್ ರೈಫಲ್‌ನ ದಪ್ಪ ಗುಂಡನ್ನೇ ತುರುಕಿ ನೋಡಿದರು. ಅವು ನಳಿಗೆಯಲ್ಲಿ ಸಿಕ್ಕಿಕೊಂಡವು, ಕೆಲವು ನಳಿಗೆಗಳು ಸಿಡಿದವು. ದಳಪತಿ ಲೆಫ್ಟಿನೆಂಟ್ ಕರ್ನಲ್ ಸ್ಟೌಟನ್ ಗಾಯಗೊಂಡು ಬಿದ್ದ, ಆ ಗಾಯದಿಂದಲೇ ಮುಂದೆ ಸತ್ತ. ಜವಾಬ್ದಾರಿ ಹೊತ್ತ ಮೇಜರ್ ಮ್ಯಾಕ್‌ಮಹಾನ್, ಕತ್ತಲಲ್ಲಿ ಸುತ್ತುವರಿದ ಶತ್ರುಗಳಿಗೆ ಸೆರೆಯಾದ. ಜೊತೆಗೆ ನೂರಕ್ಕೂ ಹೆಚ್ಚು ಜನ. ಆದರೆ ಅಷ್ಟು ಹೊತ್ತಿಗೆ ಉಳಿದ ಸೈನ್ಯ ಚಟ್ಟನೂಗದ ದಾರಿ ಹಿಡಿದಿತ್ತು.

ಹೀಗಾಗಿ ಯಾರಾದರೂ "ರಿವಾಲ್ವರ್ ಎಷ್ಟು ಹೊತ್ತು ತಡೆಯುತ್ತದೆ" ಅಂತ ಕೇಳಿದರೆ ನಾನು ಪ್ರಯೋಗಶಾಲೆಗಿಂತ ಮೊದಲು ಈ ದಿಣ್ಣೆಯನ್ನು ತೋರಿಸುತ್ತೇನೆ. ಒಂದು ಮಧ್ಯಾಹ್ನ ಪೂರ್ತಿ, ಒರೆಸಲು ಪುರುಸೊತ್ತಿಲ್ಲದೆ, ಕಪ್ಪು ಮದ್ದಿನಲ್ಲಿ ಅವು ದುಡಿದವು.

1880ರ ದಶಕದಲ್ಲಿ ಹೊಗೆ ಇಲ್ಲದ ಮದ್ದು ಬಂತು. ಮಸಿಯ ಕಾಟ ಬಹುಪಾಲು ತೀರಿತು, ಆದರೆ ಇದರ ಬೆಂಕಿ ಕಪ್ಪು ಮದ್ದಿಗಿಂತ ಬಿಸಿ. ಅದೇ ಹೊತ್ತಿಗೆ ಹೈರಮ್ ಮ್ಯಾಕ್ಸಿಮ್‌ನ ಮೆಷಿನ್ ಗನ್ ಬಂತು, ಬಿಸಿಯ ಅಸಲಿ ಸಮಸ್ಯೆ ಅಲ್ಲಿಗೆ ಸ್ಥಳಾಂತರವಾಯಿತು. ಅದರ ವಂಶದ ವಿಕರ್ಸ್ ಗನ್ನಿನ ನಳಿಗೆಯ ಸುತ್ತ ಸುಮಾರು ನಾಲ್ಕು ಲೀಟರ್ ನೀರು, ಬಿಡದೆ 600 ಗುಂಡು ಹಾರಿಸಿದರೆ ಆ ನೀರು ಕುದಿಯುತ್ತದೆ. ರಿವಾಲ್ವರ್‌ಗೆ ಆ ಯೋಗ ಇಲ್ಲ. ಆರು ಗುಂಡಿಗೊಮ್ಮೆ ನಿಂತು ಖಾಲಿ ಚಿಪ್ಪು ಉದುರಿಸಿ ಮತ್ತೆ ತುಂಬಲೇಬೇಕು, ಆ ಬಿಡುವೇ ಅದರ ರೇಡಿಯೇಟರ್. 1932ರಲ್ಲಿ ಎಡ್ ಮ್ಯಾಕ್‌ಗಿವರ್ನ್ ಅನ್ನುವ ಚಾಲಾಕಿ 0.45 ಸೆಕೆಂಡಿನಲ್ಲಿ ಐದು ಗುಂಡು ಹಾರಿಸಿ ದಾಖಲೆ ಮಾಡಿದ. ಆದರೂ ಐದು ಗುಂಡು ಐದೇ ಗುಂಡು, ಅವನ ಪಿಸ್ತೂಲು ಬೆಚ್ಚಗೂ ಆಗಿರಲಿಕ್ಕಿಲ್ಲ.

ಹಾಗಿದ್ದರೂ ರಿವಾಲ್ವರ್‌ಗಳು ಬೆಂಕಿಯಿಂದ ಹಾಳಾದದ್ದುಂಟು. ಅದು ಇಡೀ ಪಿಸ್ತೂಲಿನ ಬಿಸಿ ಅಲ್ಲ, ಒಂದೇ ಜಾಗದ, ಕಣ್ಣು ಮಿಟುಕಿಸುವುದಕ್ಕಿಂತ ಚಿಕ್ಕ ಹೊತ್ತಿನ ಬಿಸಿ. ನಳಿಗೆಯ ಹಿಂದಿನ ತುದಿ ಒಳಗಡೆ ಆಲಿಕೆಯ ಹಾಗೆ ಅಗಲವಾಗಿರುತ್ತದೆ, ಸಿಲಿಂಡರ್‌ನಿಂದ ಹಾರಿ ಬಂದ ಗುಂಡು ಸರಿಯಾಗಿ ಒಳಗೆ ಕೂರಲಿ ಅಂತ. ಗುಂಡಿನ ಬೆನ್ನಿಗೇ ಬರುವ ಉರಿಯುವ ಅನಿಲ, ಅರೆಬೆಂದ ಮದ್ದಿನ ಕಣ, ಎಲ್ಲ ಹೊಡೆಯುವುದು ಅಲ್ಲಿಗೆ. ಮೇಲ್ಮೈಯ ತೆಳು ಪದರ ಕ್ಷಣದಲ್ಲಿ ಕಾದು ಕ್ಷಣದಲ್ಲಿ ತಣಿಯುತ್ತದೆ. ಸಾವಿರಾರು ಸಲ ಹೀಗಾದರೆ ಬೇಸಿಗೆಯಲ್ಲಿ ಕೆರೆಯಂಗಳ ಬಿರಿದ ಹಾಗೆ ಉಕ್ಕು ಸಣ್ಣಗೆ ಬಿರಿಯುತ್ತದೆ.

ಸ್ಮಿತ್ ಆ್ಯಂಡ್ ವೆಸನ್ 1935ರಲ್ಲಿ ಪಾಯಿಂಟ್ 357 ಮ್ಯಾಗ್ನಮ್ ತೋಟಾ ತಂದಾಗ ಅದಕ್ಕೆ ದೊಡ್ಡ ಚೌಕಟ್ಟಿನ ಭಾರಿ ಪಿಸ್ತೂಲು ಕೊಟ್ಟಿತ್ತು. ದಿನವಿಡೀ ಸೊಂಟದಲ್ಲಿ ಹೊರುವ ಪೊಲೀಸನಿಗೆ ಅದು ಭಾರ. ಗಡಿ ಪಹರೆಯ ಬಿಲ್ ಜೋರ್ಡನ್ ಎಂಬವನ ಒತ್ತಾಸೆಯಿಂದ 1955ರಲ್ಲಿ ಮಧ್ಯಮ ಚೌಕಟ್ಟಿನ ಹಗುರ ಮ್ಯಾಗ್ನಮ್ ಬಂತು. ಅದಕ್ಕೇ ಮುಂದೆ ಮಾಡೆಲ್ 19 ಅಂತ ಹೆಸರು. ಜೋರ್ಡನ್‌ನ ಯೋಚನೆ ಸರಳ: ಅಭ್ಯಾಸಕ್ಕೆ ಮೆದುವಾದ 38, ಕೆಲಸಕ್ಕೆ ಮ್ಯಾಗ್ನಮ್. ಆದರೆ ಚಿಕ್ಕ ಚೌಕಟ್ಟಿನಲ್ಲಿ ಎಲ್ಲ ಹಿಡಿಸಲು ಒಂದು ರಾಜಿ ಮಾಡಿಕೊಂಡಿದ್ದರು. ನಳಿಗೆಯ ಹಿಂದಿನ ತುದಿಯ ಕೆಳಭಾಗವನ್ನು ಸ್ವಲ್ಪ ಉಜ್ಜಿ ಚಪ್ಪಟೆ ಮಾಡಿದ್ದರು. ಅಲ್ಲಿ ಉಕ್ಕು ತೆಳು. ಅಭ್ಯಾಸಕ್ಕೆ 38 ಬಳಸುವವರೆಗೆ ಅದು ಯಾರಿಗೂ ಕಾಣಲಿಲ್ಲ.

ಇಲ್ಲಿಗೆ ಕಥೆಯಲ್ಲಿ ಒಂದು ರಾತ್ರಿ ಬರುತ್ತದೆ. 1970ರ ಏಪ್ರಿಲ್ 5 ಮುಗಿದು 6 ಹುಟ್ಟುವ ಹೊತ್ತು, ಕ್ಯಾಲಿಫೋರ್ನಿಯಾದ ನ್ಯೂಹಾಲ್ ಬಳಿ ಒಂದು ಹೋಟೆಲಿನ ಪಾರ್ಕಿಂಗ್ ಜಾಗ. ಹೆದ್ದಾರಿ ಗಸ್ತಿನ ನಾಲ್ವರು ಪೊಲೀಸರು ಇಬ್ಬರು ಶಸ್ತ್ರಸಜ್ಜಿತರ ಜೊತೆಗಿನ ಕಾಳಗದಲ್ಲಿ ಸತ್ತರು. ಐದು ನಿಮಿಷವೂ ಹಿಡಿಯಲಿಲ್ಲ. ನಾಲ್ವರಿಗೂ ವಯಸ್ಸು 25 ದಾಟಿರಲಿಲ್ಲ. ಆಮೇಲಿನ ವಿಚಾರಣೆಯಲ್ಲಿ ಎತ್ತಿದ ಹಲವು ಪ್ರಶ್ನೆಗಳಲ್ಲಿ ಇದೂ ಒಂದು: ತರಬೇತಿಯಲ್ಲಿ ಮೆದು 38 ಹಾರಿಸಿದವನ ಕೈಗೆ, ರಸ್ತೆಯಲ್ಲಿ ಮ್ಯಾಗ್ನಮ್‌ನ ಸದ್ದು, ಒದೆ, ಬೆಂಕಿ ಅಪರಿಚಿತವಾಗಿರುವುದಿಲ್ಲವೇ? ಅಮೆರಿಕದ ಪೊಲೀಸ್ ಇಲಾಖೆಗಳಲ್ಲಿ ಒಂದು ನಿಯಮ ಕ್ರಮೇಣ ಬೇರೂರಿತು, ಹೊರುವ ತೋಟಾದಲ್ಲೇ ಅಭ್ಯಾಸ ಮಾಡಿ ಅಂತ. ಆ ನಾಲ್ವರನ್ನು ನೆನೆದರೆ ಈ ನಿಯಮವನ್ನು ತಪ್ಪು ಅನ್ನಲು ನನಗೆ ಬಾಯಿ ಬರುವುದಿಲ್ಲ.

ಆದರೆ ಅದರ ಬೆಲೆ ತೆತ್ತದ್ದು ಮಾಡೆಲ್ 19. ವರ್ಷಕ್ಕೆ ಒಂದಿಷ್ಟು ಮ್ಯಾಗ್ನಮ್ ತಿನ್ನಲಿ ಎಂದು ಮಾಡಿದ ಪಿಸ್ತೂಲಿಗೆ ಈಗ ಪ್ರತಿ ಅಭ್ಯಾಸದಲ್ಲೂ ಅದೇ ಊಟ. ಅದರಲ್ಲೂ 125 ಗ್ರೇನ್, ಅಂದರೆ ಎಂಟು ಗ್ರಾಮಿನ ಹಗುರ ಗುಂಡಿನ ಬಿರುಸು ತೋಟಾ. ಗುಂಡು ಗಿಡ್ಡ, ಮದ್ದು ಹೆಚ್ಚು. ಗುಂಡಿನ ಜೊತೆಗೇ ಬೆಂಕಿ ಮತ್ತು ಉರಿಯುವ ಕಣ ಆ ಆಲಿಕೆಗೆ ರಾಚುತ್ತವೆ. ಆ ಚಪ್ಪಟೆ ಜಾಗದಲ್ಲೇ, ಗಡಿಯಾರದ ಆರು ಗಂಟೆಯ ಸ್ಥಾನದಲ್ಲಿ, ನಳಿಗೆಗಳು ಸೀಳಿದವು. ಕಂಪನಿ ಕೊನೆಗೆ 1980ರ ದಶಕದ ಆರಂಭದಲ್ಲಿ 586 ಮತ್ತು 686 ಅನ್ನುವ, ಸ್ವಲ್ಪ ದಪ್ಪ ಚೌಕಟ್ಟಿನ ಹೊಸ ಪಿಸ್ತೂಲುಗಳನ್ನು ತಂದಿತು.

ಸಂದಿನ ಮೇಲ್ಗಡೆ ಇರುವ ಚೌಕಟ್ಟಿನ ಪಟ್ಟಿಯ ಕಥೆಯೂ ಇದೇ ಬಗೆಯದು. ಅಲ್ಲಿ ಅನಿಲ ತಗಲಿ ಒಂದು ಸಣ್ಣ ಗೆರೆ ಕೊರೆಯುತ್ತದೆ. ಮ್ಯಾಗ್ನಮ್ ಬಳಸುವವರು ಅದನ್ನು ನೋಡಿ ಗಾಬರಿಯಾಗುತ್ತಾರೆ. ಸಾಮಾನ್ಯವಾಗಿ ಅದು ಒಂದಿಷ್ಟು ಆಳಕ್ಕೆ ಹೋಗಿ ನಿಲ್ಲುತ್ತದೆ. ರೂಗರ್ ಕಂಪನಿ 1980ರ ದಶಕದ ಮೊದಲಲ್ಲಿ ತಂದ 357 ಮ್ಯಾಕ್ಸಿಮಮ್ ಪಿಸ್ತೂಲಿನ ವಿಷಯದಲ್ಲಿ ಮಾತ್ರ ಈ ಕೊರೆತದ ಚಿಂತೆ ಎಷ್ಟು ಬೆಳೆಯಿತೆಂದರೆ, ಕೆಲವೇ ವರ್ಷಗಳಲ್ಲಿ ಅದರ ತಯಾರಿಕೆ ನಿಂತಿತು. ಸಂದನ್ನೇ ಮುಚ್ಚಿಬಿಡೋಣ ಅಂತ ಯೋಚಿಸಿದವನು ಬೆಲ್ಜಿಯಂನ ಲಿಯೊನ್ ನಾಗಾಂ. ರಷ್ಯಾ 1895ರಲ್ಲಿ ಒಪ್ಪಿಕೊಂಡ ಅವನ ಏಳು ಗುಂಡಿನ ರಿವಾಲ್ವರ್‌ನಲ್ಲಿ ಗುಂಡು ಹಾರುವ ಮುಂಚೆ ಸಿಲಿಂಡರ್ ಮುಂದೆ ಸರಿದು ನಳಿಗೆಗೆ ಅಂಟಿಕೊಳ್ಳುತ್ತದೆ. ಬುದ್ಧಿವಂತಿಕೆ ಹೌದು, ಆದರೆ ಟ್ರಿಗರ್ ಎಳೆಯಲು ಪೈಲ್ವಾನನ ಬೆರಳು ಬೇಕು.

ಇನ್ನೊಂದು ವಿಷಯ ಹೇಳಿಬಿಡುತ್ತೇನೆ, ಬಿಸಿಯಿಂದಲೇ ಆಗುವ ತೊಂದರೆ ಅಂದರೆ ಇದು. ಕಾದ ಲೋಹ ಹಿಗ್ಗುತ್ತದೆ. 40 ಮಿಲಿಮೀಟರ್ ಉದ್ದದ ಸಿಲಿಂಡರ್ 60 ಡಿಗ್ರಿ ಏರಿದರೆ ಮಿಲಿಮೀಟರಿನ ನೂರರಲ್ಲಿ ಮೂರು ಭಾಗ ಹಿಗ್ಗುತ್ತದೆ. ಸಂದು ಮಾಮೂಲಿನಂತೆ ನೂರರಲ್ಲಿ ಹದಿನೈದಿದ್ದರೆ ಗೊತ್ತೇ ಆಗುವುದಿಲ್ಲ. ಗುರಿ ಹೊಡೆಯುವ ಆಸೆಗೆ ಐದಕ್ಕೆ ಇಳಿಸಿದ್ದರೆ, ಮೇಲೆ ಸ್ವಲ್ಪ ಮಸಿಯೂ ಕೂತಿದ್ದರೆ, ಸಿಲಿಂಡರ್ ಉಜ್ಜಿಕೊಂಡು ನಿಲ್ಲುತ್ತದೆ. ಹತ್ತು ನಿಮಿಷ ಪಕ್ಕಕ್ಕಿಟ್ಟರೆ ಮತ್ತೆ ತಿರುಗುತ್ತದೆ. ಹಾನಿ ಏನೂ ಆಗಿರುವುದಿಲ್ಲ, ಆ ಹತ್ತು ನಿಮಿಷ ಎದುರಿಗೆ ಯಾರೂ ಇಲ್ಲದಿದ್ದರೆ.

ಮಾಡೆಲ್ 19ರ ತಯಾರಿಕೆ 1999ರಲ್ಲಿ ನಿಂತಿತ್ತು. 2018ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಅದೇ ಹೆಸರಿನಲ್ಲಿ ಮತ್ತೆ ತಂದಿತು. ಹಳೆಯದರ ಪಕ್ಕ ಇಟ್ಟು, ಸಿಲಿಂಡರ್ ತೆರೆದು ನಳಿಗೆಯ ಹಿಂದಿನ ತುದಿ ನೋಡಿ: ಈಗ ಅದು ಸುತ್ತಲೂ ದುಂಡಗಿದೆ, ಕೆಳಗಿನ ಆ ಚಪ್ಪಟೆ ಇಲ್ಲ.